ಚಿಗವ್ವನ ಆರೈಕೆ

ಹೊಕ್ಕುಳದ ಕೆಳಗೆ ಎಲ್ಲೋ ತುರಿಸುತ್ತಿತ್ತು. ಎಲ್ಲಿ ಎಂದು ಹುಡುಕಿ ಕೆರೆದರೆ ಚರ್ಮಕ್ಕೆ ಗೊತ್ತೇ ಆಗುತ್ತಿರಲಿಲ್ಲ, ಬೆರಳಿಗೆ ಮಾತ್ರ ಯಾರದೋ ಹೊಟ್ಟೆ ಮುಟ್ಟಿದ ಹಾಗಾಗುತ್ತಿತ್ತು. ಬಚ್ಚಲಮನೆಯ ಚಿಲಕ ಹಾಕಿಕೊಂಡು ನಿಂತಿದ್ದ ಭುವನೇಶ್ವರಿ, ಎದೆಯ ಕೆಳಗಿನಿಂದ ತೊಡೆಯವರೆಗೆ ಬಿಗಿದಿದ್ದ ಬೆಲ್ಟಿನ ಕೊಂಡಿಗಳನ್ನು ಒಂದೊಂದಾಗಿ ಬಿಡಿಸಿ ಕೆಳಗೆ ನೋಡಿಕೊಂಡಳು. ನೇರಳೆ ಇದ್ದ ಕಡೆ ಈಗ ಹಸಿರು, ಹಸಿರಿದ್ದ ಕಡೆ ಅರಿಶಿನದ ಬಣ್ಣ. ಬಲಗಡೆ ಗಂಟು ಗಂಟು, ಎಡಗಡೆ ಮೆತ್ತಗೆ. ಊತ ಇಳಿಯುವ ಲಕ್ಷಣವೇ ಇಲ್ಲ. ಹೈದರಾಬಾದಿನ ಡಾಕ್ಟರು ಮೊದಲೇ ಹೇಳಿದ್ದರು, ಹೊಟ್ಟೆಯ ಕೊಬ್ಬು, ಚರಬಿ, ತೆಗೆದ ಮೇಲೆ ಮೊದಲು ಊದುತ್ತದೆ, ಇದ್ದದ್ದಕ್ಕಿಂತ ದಪ್ಪ ಕಾಣುತ್ತೀರಿ, ಜೋಮು ಹಿಡಿದ ಹಾಗಿರುತ್ತದೆ, ತುರಿಸುತ್ತದೆ, ಕಾರಣವಿಲ್ಲದೆ ಅಳು ಬರುತ್ತದೆ, ಗಾಬರಿಯಾಗಬೇಡಿ, ಕೆಲವು ತಿಂಗಳು ಕನ್ನಡಿಯ ಗೊಡವೆಗೆ ಹೋಗಬೇಡಿ. ಅವರಿಗೇನು ಹೇಳಲಿಕ್ಕೆ! ಕನ್ನಡಿ ನೋಡಿ ನೋಡಿ ತಲೆ ಕೆಟ್ಟೇ ಅಲ್ಲವೇ ಅವರ ಬಾಗಿಲಿಗೆ ಹೋದದ್ದು. ತಂಬಿಗೆಯಲ್ಲಿ ನೀರು ತೆಗೆದುಕೊಂಡಳು, ಹಾಕಿಕೊಳ್ಳಲಿಲ್ಲ, ಹೊರಗೆ ಅಂಗಳದಲ್ಲಿ ಚಿಗವ್ವ ಫೋನಿನಲ್ಲಿ ಕೂಗಿ ಮಾತಾಡುತ್ತಿದ್ದಳು.

"ಹೂಂ ಅಂದ್ಳಾ? ಶೀತಲ ತಾನೇ ಹೂಂ ಅಂದ್ಳಾ? ಹಂಗಾದ್ರ ನಾಳಿನೇ ಮಾಡಸ್ರಿ ಬೀಗತಿ. ಇಷ್ಟ ದಿನ ನಾನೇ ಅಡ್ಡ ಬಂದೆ, ಖರೇ ಅದ. ಈಗ ನಮ್ಮ ಭುವನಾನ್ನ ನೋಡಿ ನನಗೂ ಧೈರ್ಯ ಬಂದದ. ಗರ್ಭಚೀಲ ತಗಸಿ ಇನ್ನಾ ಎಷ್ಟ ದಿನ ಆಗ್ಯಾವ, ಆಗಲೇ ಮನ್ಯಾಗೆಲ್ಲಾ ತಿರಗ್ಯಾಡಾಕತ್ತಾಳ. ನಮ್ಮ ಕಾಲದ ಡಾಕ್ಟರ ಬ್ಯಾರೆ, ಈಗಿನವರ ಬ್ಯಾರೆ. ಸಂಜಿಕ್ಕ ನಾ ಹುಮನಾಬಾದಿಗೆ ಬರತೀನಿ."

ಭುವನೇಶ್ವರಿಯ ಗರ್ಭಚೀಲ ಎಲ್ಲಿರಬೇಕೋ ಅಲ್ಲೇ ಇತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ. ದವಾಖಾನೆಯ ವರಾಂಡದಲ್ಲಿ ಚಿಗವ್ವನ ಫೋನು ಬಂದಾಗ ಗಂಡ ಓಂಪ್ರಕಾಶ ಒಂದು ಕ್ಷಣ ತಡವರಿಸಿ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಿದ್ದ. ಬೇರೆ ಕಡೆಯ ಗಂಡಸಾಗಿದ್ದರೆ ಪಿತ್ತಕೋಶದ ಕಲ್ಲು ಅನ್ನುತ್ತಿದ್ದನೋ ಏನೋ. ಈ ಸೀಮೆಯವನ ಬಾಯಿಗೆ ಮೊದಲು ಬರುವುದು ಗರ್ಭಚೀಲವೇ. ಮನೆಗೊಬ್ಬಳು ತೆಗೆಸಿದವಳು ಇದ್ದೇ ಇರುತ್ತಾಳೆ. ಯಾಕೆ ಎಂದು ಯಾರೂ ಎರಡನೇ ಮಾತು ಕೇಳುವುದಿಲ್ಲ, ಗಂಡಸರಂತೂ ಹೆಸರು ಕೇಳಿದರೇ ಮಾತು ತಿರುಗಿಸುತ್ತಾರೆ. ಆಮೇಲೆ ಅವನು ಕೋಣೆಯೊಳಗೆ ಬಂದು, "ಹ್ಯಾಂಗ ಹೇಳಿದೆ ನೋಡು, ಇನ್ನ ಯಾರೂ ಕೇಳಂಗಿಲ್ಲ," ಎಂದು ತನ್ನ ಜಾಣತನಕ್ಕೆ ತಾನೇ ಖುಷಿಪಟ್ಟಿದ್ದ. ಅವಳೂ ಮಂಪರಿನಲ್ಲಿ ನಕ್ಕಿದ್ದಳು.

ಬೆಲ್ಟನ್ನು ಮತ್ತೆ ಬಿಗಿದುಕೊಂಡು ಹೊರಗೆ ಬರುವಷ್ಟರಲ್ಲಿ ಚಿಗವ್ವ ತಟ್ಟೆಯಲ್ಲಿ ಅಂಟಿನ ಉಂಡೆ ಇಟ್ಟುಕೊಂಡು ನಿಂತಿದ್ದಳು. ಚಿಗವ್ವ, ಅಂದರೆ ಧೂಳಮ್ಮ, ಭುವನೇಶ್ವರಿಯ ತಾಯಿಯ ತಂಗಿ. ತಾಯಿ ತೀರಿಕೊಂಡ ಮೇಲೆ ತವರು ಅಂತ ಉಳಿದದ್ದೇ ಅವಳು. ಆಪರೇಷನ್ ಸುದ್ದಿ ಕೇಳಿದ ಮರುದಿನವೇ ಮುಡಬಿಯಲ್ಲಿ ಆಡುಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಒಣಕೊಬ್ಬರಿ, ಖಾರೀಕು, ತುಪ್ಪ ಎಲ್ಲ ಹೊತ್ತುಕೊಂಡು ಬಸವಕಲ್ಯಾಣಕ್ಕೆ ಬಂದಿಳಿದಿದ್ದಳು. ಬೇಡ ಎನ್ನಲು ಯಾರಿಗೆ ಬಾಯಿ ಬರುತ್ತದೆ. ಮೊದಲ ದಿನಗಳಲ್ಲಿ ಸೊಂಟದ ಪಕ್ಕದ ಸಣ್ಣ ತೂತುಗಳಿಂದ ನಸುಗೆಂಪು ನೀರು ಜಿನುಗಿ ಹಾಸಿಗೆ ತೊಯ್ಯುತ್ತಿತ್ತು. ಅದನ್ನು ಅವಳು ಮುಚ್ಚಿಡುವ ಮೊದಲೇ ಚಿಗವ್ವ ಚಾದರ ಎಳೆದುಕೊಂಡು, "ನನಗೂ ಹಿಂಗೇ ಹೋಗತಿತ್ತು, ನಾಚಿಕಿ ಯಾಕ," ಎಂದು ಕಲ್ಲಿನ ಮೇಲೆ ತಿಕ್ಕಿ ಒಗೆದಿದ್ದಳು. ಬೆಲ್ಟನ್ನು ನೋಡಿ, "ನಮಗ ಹಳೇ ಸೀರಿ ಕಟ್ಟತಿದ್ರು, ಈಗ ಇದು ಬಂದದ," ಅಂದಿದ್ದಳು. ಒಂದೊಂದು ಸಾಕ್ಷಿಯೂ ಚಿಗವ್ವನ ಕೈಗೆ ಸಿಕ್ಕ ಕೂಡಲೇ ಸುಳ್ಳಿನ ಪರವಾಗಿ ನಿಲ್ಲುತ್ತಿತ್ತು. ತುಪ್ಪ ಸೋರುವ ಉಂಡೆಯನ್ನು ಬಾಯಿಗಿಟ್ಟುಕೊಳ್ಳುವಾಗೆಲ್ಲ ಭುವನೇಶ್ವರಿಗೆ ಅನ್ನಿಸುತ್ತಿತ್ತು, ಹೈದರಾಬಾದಿನಲ್ಲಿ ನಳಿಗೆ ಹಾಕಿ ಹೀರಿ ತೆಗೆದದ್ದನ್ನು ಇವಳು ಬಸವಕಲ್ಯಾಣದಲ್ಲಿ ಉಂಡೆ ಕಟ್ಟಿ ವಾಪಸು ಹಾಕುತ್ತಿದ್ದಾಳೆ. ಆದರೂ ತಿನ್ನುತ್ತಿದ್ದಳು, ರುಚಿ ಇರುತ್ತಿತ್ತು.

"ಕೇಳಿದಿಲ್ಲಾ? ಶೀತಲ ಒಪ್ಪಿದ್ಳು," ಅಂದಳು ಚಿಗವ್ವ. "ಒಂದ ವರ್ಷದಿಂದ ತಿಂಗಳದಾಗ ಹದಿನೈದ ದಿನ ರಕ್ತ ಹೋಗ್ತದ ಆಕೀಗಿ. ಸರ್ಕಾರಿ ದವಾಖಾನಿ ಮೇಡಂ ಗುಳಿಗಿ ಕೊಟ್ಟು, ಆರು ತಿಂಗಳ ತಡೀ, ಆಮ್ಯಾಲೆ ನೋಡೂಣು ಅಂದ್ರಂತ. ಖಾಸಗಿಯವರು ತಗದಬಿಡೂಣು ಅಂತಾರ. ಅತ್ತಿಗೂ ಅವಸರ. ನಾ ಇಷ್ಟ ದಿನ ಬ್ಯಾಡಂದ್ರ ಬ್ಯಾಡ ಅಂದೆ. ನಿನ್ನ ಪುಣ್ಯಾ, ನೀ ದಾರಿ ತೋರಿಸಿದಿ."

ಶೀತಲ ಚಿಗವ್ವನ ಒಬ್ಬಳೇ ಮಗಳು. ಮೂವತ್ತೂ ತುಂಬಿಲ್ಲ. ಹುಮನಾಬಾದಿಗೆ ಕೊಟ್ಟಿದ್ದಾರೆ, ಒಂದು ಹೆಣ್ಣುಮಗು ಇದೆ, ಇನ್ನೊಂದು ಬೇಕು ಎಂದು ಹೋದ ಸಲ ಬಂದಾಗ ಇದೇ ಅಡುಗೆಮನೆಯಲ್ಲಿ ನಾಚಿಕೊಂಡು ಹೇಳಿದ್ದಳು. ಭುವನೇಶ್ವರಿ ಉಂಡೆಯನ್ನು ಕೈಯಲ್ಲೇ ಹಿಡಿದು ನಿಂತಳು. ಈಗ ಹೇಳಬೇಕು ಅನ್ನಿಸಿತು. ಒಂದೇ ಮಾತು, ಚಿಗವ್ವ, ನಂದು ಆ ಆಪರೇಷನ್ ಅಲ್ಲ. ಅಷ್ಟರಲ್ಲಿ ಚಿಗವ್ವ ಅವಳ ತೋಳು ಹಿಡಿದು, "ನಿಂದ್ರಬ್ಯಾಡ, ಕೂಡು, ಕೆಳಗ ಜಗ್ಗತದ," ಎಂದು ದಿವಾನದ ಮೇಲೆ ಕೂರಿಸಿದಳು, ಬೆನ್ನಿಗೆ ದಿಂಬು ಕೊಟ್ಟಳು. ಭುವನೇಶ್ವರಿ ಉಂಡೆ ಕಚ್ಚಿದಳು.

ಏನಂತ ಹೇಳುವುದು? ನಾರಾಯಣಪುರದ ಶಾಲೆಗೆ ದಿನಾ ಟಂಟಂ ಆಟೋದಲ್ಲಿ ಹೋಗುವಾಗ ಒಂದು ಬೆಳಿಗ್ಗೆ ಡ್ರೈವರ್ ಹಿಂದೆ ತಿರುಗಿ, ಅವಳ ಪಕ್ಕದಲ್ಲಿ ಮುದುರಿ ಕೂತವನಿಗೆ, "ಟೀಚರಮ್ಮ ಕುಂತ್ರ ಇಬ್ಬರ ಜಾಗಾ ಹಿಡೀತಾರ, ನೀ ಮುಂದ ಬಾ ಮಾರಾಯಾ," ಅಂದಿದ್ದ. ಕೆಟ್ಟ ಮನಸ್ಸಿನಿಂದಲ್ಲ, ಸೀಟು ಹೊಂದಿಸುವವನ ಮಾತು ಅದು. ಎಲ್ಲರೂ ನಕ್ಕಿದ್ದರು, ಅವಳೂ ಎಲ್ಲರಿಗಿಂತ ಜೋರಾಗಿ ನಕ್ಕಿದ್ದಳು, ಆ ದಿನ ಪಾಠ ಮಾಡುವಾಗ ಮಕ್ಕಳಿಗೆ ಬೆನ್ನು ತೋರಿಸಿ ಬೋರ್ಡಿನ ಮೇಲೆ ಬರೆಯಲಾಗದೆ ಕೂತೇ ಹೇಳಿಕೊಟ್ಟಿದ್ದಳು. ಇದು ಒಂದು ಕಾರಣವೇ? ಇಂಥವು ಹತ್ತಿದ್ದವು, ನೂರಿದ್ದವು, ಒಂದೊಂದನ್ನೇ ತೆಗೆದು ಹೊರಗಿಟ್ಟರೆ ಒಂದೂ ಕಾರಣದ ಹಾಗೆ ಕಾಣುತ್ತಿರಲಿಲ್ಲ. ಅಂಗಡಿಯಲ್ಲಿ ಮೋಟರ್ ಪಂಪು ಬಿಚ್ಚಿ ಕೂತಿರುತ್ತಿದ್ದ ಓಂಪ್ರಕಾಶ ಒಂದು ದಿನವೂ ಅವಳನ್ನು ದಪ್ಪ ಅಂದವನಲ್ಲ. ಅನ್ನದೆ ಇರುವುದಕ್ಕೆ ಅವನು ಪಡುತ್ತಿದ್ದ ಕಷ್ಟ ಅವಳಿಗೆ ಕಾಣುತ್ತಿತ್ತು, ಅದೇ ಹೆಚ್ಚು ಉರಿಯುತ್ತಿತ್ತು. ಚಿಗವ್ವನಿಗೆ ಇದನ್ನೆಲ್ಲ ಹೇಳಿದರೆ ಏನಂದಾಳು? ದಿನವೆಲ್ಲ ಬಿಸಿಲಲ್ಲಿ ಆಡಿನ ಹಿಂದೆ ಅಲೆಯುವ, ಎಲುಬು ಎಣಿಸಬಹುದಾದ ಆ ಹೆಂಗಸಿಗೆ, ನಾನು ಉಂಡದ್ದು ಹೆಚ್ಚಾಗಿ ಅದನ್ನು ತೆಗೆಸಿಕೊಂಡು ಬಂದೆ ಎಂದು ಹೇಳುವುದು ಹೇಗೆ? ತನ್ನ ಮೇಲೆ ತನಗೇ ರೇಜಿಗೆ ಹುಟ್ಟಿತು. ಎದ್ದು ಫೋನು ತೆಗೆದುಕೊಂಡು ಹಿತ್ತಲಿಗೆ ಹೋದಳು.

"ಅವರ ಮನಿ ವಿಚಾರ ಅದು, ನಡೂವ ನೀ ಯಾಕ?" ಓಂಪ್ರಕಾಶನ ಹಿಂದೆ ಯಾವುದೋ ಮೋಟರ್ ಕಿರುಗುಟ್ಟುತ್ತಿತ್ತು. "ನೀ ತಗಸಂತ ಹೇಳಿಯೇನು? ಅವರ ಡಾಕ್ಟರ ಹೇಳ್ಯಾರ. ಈಗ ಹೇಳಿದ್ರ ನನ್ನ ಮುಖಾ ಎಲ್ಲಿಡಲಿ? ಊರೆಲ್ಲಾ ನಗತದ."

"ಶೀತಲಂದು ತಗದ್ರ ತಿರುಗಿ ಹಚ್ಚಾಕ ಬರತದೇನು?"

ಅವನು, "ಗುಳಿಗಿ ತಗೊಂಡಿಯಾ?" ಎಂದು ಕೇಳಿ ಫೋನು ಇಟ್ಟ. ಅವನ ಮೇಲೆ ಸಿಟ್ಟು ಮಾಡಬೇಕೆಂದರೂ ಆಗಲಿಲ್ಲ. ಬೆಳಿಗ್ಗೆಯಿಂದ ತಾನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದದ್ದನ್ನೇ ಅವನು ಬಾಯಿಬಿಟ್ಟು ಹೇಳಿದ್ದ. ಗೋಡೆಯಾಚೆಯಿಂದ ಪಕ್ಕದ ಮನೆಯ ಜೈನಬಿ, "ಆರಾಮ್ ಹೈ ಕ್ಯಾ ಟೀಚರಮ್ಮಾ? ಭಾರ ಎತ್ತಬ್ಯಾಡ್ರಿ, ನಾ ಎತ್ತಿ ಇವತ್ತಿಗೂ ಸೊಂಟ ಹಿಡಕೊಂಡು ಕುಂತೀನಿ," ಅಂದಳು. ಭುವನೇಶ್ವರಿ ತಲೆಯಾಡಿಸಿದಳು. ಇಷ್ಟು ದಿನದಲ್ಲಿ ನೋಡಲು ಬಂದ ಹೆಂಗಸರೆಲ್ಲ ಹೀಗೇ ಮಂಚದ ಅಂಚಿಗೆ ಕೂತು ತಮ್ಮ ತಮ್ಮ ಹೊಟ್ಟೆಯ ಕತೆ ಬಿಚ್ಚಿದ್ದರು, ಕೆಲವರು ಸೀರೆ ಸರಿಸಿ ಹೊಲಿಗೆಯ ಗುರುತೂ ತೋರಿಸಿದ್ದರು. ಅವಳು ಕಣ್ಣು ತಗ್ಗಿಸಿ ಕೇಳಿದ್ದಳು, ಕೇಳಿ ಹೂಂಗುಟ್ಟಿದ್ದಳು. ಅದೆಲ್ಲಕ್ಕಿಂತ ಹೆಚ್ಚಾಗಿ ಚಿಗವ್ವ ಹೇಳಿದ್ದು ಅವಳನ್ನು ನಿಂತಲ್ಲಿ ನಿಲ್ಲಗೊಡುತ್ತಿರಲಿಲ್ಲ.

ಮೊನ್ನೆಯೋ ಆಚೆಯ ದಿನವೋ ಮಧ್ಯಾಹ್ನ, ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದ ಚಿಗವ್ವ ಮೊರದಿಂದ ತಲೆಯೆತ್ತದೆ ಶುರು ಮಾಡಿದ್ದಳು. "ನಿನಗೂ ಮೈಯೆಲ್ಲಾ ಉರೀ ಏಳತದೇನು ಒಮ್ಮೊಮ್ಮಿ? ಕುಂತಲ್ಲೇ ಬೆವರತಿಯೇನು?" ಎಂದಿದ್ದಳು. ಹೌದು ಎನ್ನದೆ ಬೇರೆ ದಾರಿ ಇರಲಿಲ್ಲ. "ಹೂಂ ಚಿಗವ್ವ, ನನಗೂ ಹಂಗೇ ಆಗಾಕತ್ತದ," ಅಂದಳು, ದನಿಯನ್ನು ಸ್ವಲ್ಪ ಇಳಿಸಿ, ನೊಂದವಳ ಹಾಗೆ. ಆ ಹೂಂ ಒಂದೇ ಸಾಕಾಯಿತು ಚಿಗವ್ವನಿಗೆ. ಶೀತಲ ಇನ್ನೂ ಹಾಲು ಕುಡಿಯುವಾಗ ಹೊಟ್ಟೆನೋವು ಅಂತ ಸೊಲ್ಲಾಪುರಕ್ಕೆ ಕರೆದುಕೊಂಡು ಹೋಗಿ ತೆಗೆಸಿದ್ದು, ಊರಲ್ಲಿ ಏನೋ ಕರುಳಿನ ಆಪರೇಷನ್ ಅಂತ ಹೇಳಿದ್ದು, ಗಂಡ ಅಮೋಘಸಿದ್ದಪ್ಪ ಒಂದು ದಿನ ಚಾಷ್ಟಿಗೆಂದು, "ಇನ್ನ ನೀನೂ ನನ್ನಂಗ ಗಂಡಸೇ ಆದಿ ಬಿಡು," ಎಂದು ನಕ್ಕದ್ದು, ಅವತ್ತಿನಿಂದ ಅವನು ಸಾಯುವವರೆಗೂ ತಾನು ಅವನ ಹತ್ತಿರ ಮಲಗದೇ ಇದ್ದದ್ದು. ಆಮೇಲೆ ದನಿ ಮತ್ತೂ ಸಣ್ಣದು ಮಾಡಿ ಹೇಳಿದ್ದಳು, "ಓಣ್ಯಾಗಿನವರಿಗಿ ಗೊತ್ತಾಗಬಾರದಂತ ತಿಂಗಳಾ ತಿಂಗಳಾ ಆಡಿನ ಕೊಟ್ಟಿಗ್ಯಾಗ ಹೊರಗ ಕುಂಡ್ರತಿದ್ದೆ, ಭುವನಾ. ಸುಳ್ಳೇ. ಕೋರೀ, ಕಲಿ ಇಲ್ಲದ ಅರಿವಿನೇ ತೊಯಿಸಿ ಒಣ ಹಾಕತಿದ್ದೆ. ಹತ್ತ ವರ್ಷ ಹಂಗ ಮಾಡೀನಿ. ಶೀತಲಗೂ ಹೇಳಿಲ್ಲ. ನಿನಗ ಹೇಳಬಹುದು, ನೀನೂ ಈಗ ನನ್ನಂಗೇ ಅದಿ." ಭುವನೇಶ್ವರಿ ಆಗ ಅತ್ತಿದ್ದಳು. ನಿಜವಾಗಿಯೂ ಅತ್ತಿದ್ದಳು. ಅವಳ ಕಣ್ಣೀರನ್ನು ಚಿಗವ್ವ ಸೆರಗಿನಿಂದ ಒರೆಸಿ, "ಅಳಬ್ಯಾಡ, ಹೊಲಿಗಿ ಬಿಚ್ಚತಾವ," ಅಂದಿದ್ದಳು.

"ನಾನೂ ಬರತೀನಿ," ಅಂದಳು ಭುವನೇಶ್ವರಿ, ಚಿಗವ್ವ ಮಧ್ಯಾಹ್ನ ಗಂಟು ಕಟ್ಟುವಾಗ. ಚಿಗವ್ವ ಬೈದಳು, ಹುಚ್ಚು ಹಿಡಿದಿದೆಯೇ, ಈ ಮೈಯಲ್ಲಿ ಬಸ್ಸು ಹತ್ತುತ್ತೀಯಾ ಅಂದಳು. ಆಮೇಲೆ ಒಳಗೊಳಗೇ ಖುಷಿಯೂ ಪಟ್ಟಳು, ಶೀತಲಳಿಗೆ ಧೈರ್ಯ ಹೇಳಲಿಕ್ಕೆ ಬರುತ್ತಿದ್ದಾಳೆ ಅಂದುಕೊಂಡಿದ್ದಳು. ಬಸ್ಸಿನಲ್ಲಿ ಹೇಳಿಬಿಡೋಣ ಎಂಬುದು ಭುವನೇಶ್ವರಿಯ ಲೆಕ್ಕ. ಹೆದ್ದಾರಿ ಕೂಡುವ ಬಂಗ್ಲಾ ಸ್ಟಾಪು ದಾಟುವುದರೊಳಗೆ ಎಂದುಕೊಂಡಳು. ಬಂಗ್ಲಾ ಬಂತು, ಕಬ್ಬಿನ ಲಾರಿಗಳ ನಡುವೆ ಬಸ್ಸು ಹೆದ್ದಾರಿಗೆ ತಿರುಗಿತು, ಪ್ರತಿಯೊಂದು ಕುಲುಕಿಗೂ ಪಕ್ಕೆಯೊಳಗೆ ಯಾರೋ ಹಿಂಡಿದ ಹಾಗಾಗಿ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಬೆಲ್ಟು ತೊಡೆಯ ಸಂದಿಯಲ್ಲಿ ಕಚ್ಚುತ್ತಿತ್ತು, ಬೆವರಿಗೆ ತುರಿಕೆ ಹತ್ತಿತ್ತು, ಎಲ್ಲರೆದುರು ಕೆರೆದುಕೊಳ್ಳುವಂತೆಯೂ ಇರಲಿಲ್ಲ. ಚಿಗವ್ವ ತನ್ನ ಬಟ್ಟೆಯ ಗಂಟನ್ನೇ ಅವಳ ಬೆನ್ನ ಹಿಂದೆ ತುರುಕಿ, ಕುಲುಕು ಬರುವ ಮುಂಚೆಯೇ ರಸ್ತೆ ನೋಡಿ, "ಗಟ್ಟಿ ಹಿಡಕೋ," ಅನ್ನುತ್ತಿದ್ದಳು. ಹೀಗೆ ಬೆನ್ನು ಹಿಡಿದು ಕೂತವಳಿಗೆ ಹೇಳುವುದು ಹೇಗೆ? ಎದುರಿಗೆ ನಿಂತು ಜಗಳ ಆಡುವವಳಾಗಿದ್ದರೆ ಹೇಳಬಹುದಿತ್ತು. ಹುಮನಾಬಾದ್ ಬಸ್ ನಿಲ್ದಾಣ ಬಂದಾಗ ಅವಳು ಇನ್ನೂ ಮೊದಲ ಶಬ್ದವನ್ನೇ ಹುಡುಕುತ್ತಿದ್ದಳು.

ಶೀತಲಳ ಮನೆಯ ಹೊಸ್ತಿಲು ದಾಟುವಾಗಲೇ ಅವಳ ಅತ್ತೆ ಉಮಾದೇವಿ ಎರಡೂ ಕೈ ಎತ್ತಿದಳು. "ಅಯ್ಯ, ನೋಡ್ರೇ! ಗರ್ಭಚೀಲ ತಗಸಿದಾಕಿ ಬಸ್ಸಿನ್ಯಾಗ ಬಂದಾಳ! ನೋಡು ಶೀತಲ, ನೋಡು, ನೀ ಹೆದರಿ ಸಾಯಾಕತ್ತಿದ್ದಿ. ಹೊಟ್ಟಿನೂ ಹ್ಯಾಂಗ ಇಳದದ ನೋಡು." ಬೆಲ್ಟು ಬಿಗಿದಿದ್ದ ಹೊಟ್ಟೆ ಅದು. ನಿಲ್ಲಿಸಲಿಕ್ಕೆಂದು ಬಂದದ್ದೇ ಇವರಿಗೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿಯಾಗಿತ್ತು. ಬರದೆ ಮನೆಯಲ್ಲಿ ಮಲಗಿದ್ದರೇ ಒಳ್ಳೆಯದಿತ್ತೇನೋ. ಶೀತಲ ನೆಲದ ಮೇಲೆ ಕೂತು ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು. ಮುಖ ಬಿಳಿಚಿಕೊಂಡಿತ್ತು, ತುಟಿಯಲ್ಲೂ ಬಣ್ಣವಿರಲಿಲ್ಲ. ಅವಳ ಗಂಡ ಪ್ರೇಮಕುಮಾರ ಕುರ್ಚಿ ಖಾಲಿ ಮಾಡಿಕೊಟ್ಟು, ಹೆಂಗಸರ ಮಾತು ಎಂದು ಹೊರಗೆ ಹೊರಟ.

"ಅಕ್ಕ," ಎಂದು ಶೀತಲ ಮೆಲ್ಲಗೆ ಕೇಳಿದಳು, "ಬಾಳ ನೋವು ಆಗತದೇನು? ತಗದ ಮ್ಯಾಲ ಒಳಗ ಖಾಲಿ ಖಾಲಿ ಅನಸತದೇನು? ಖರೇ ಹೇಳ್ರಿ. ನಿಮ್ಮನ್ನ ನೋಡೇ ನಾ ಹೂಂ ಅಂದೀನಿ."

ಒಬ್ಬಳನ್ನೇ ಒಳಗೆ ಕರೆದು ಕಿವಿಯಲ್ಲಿ ಹೇಳಿ ಮುಗಿಸಬಹುದಿತ್ತು. ದಾರಿಯುದ್ದಕ್ಕೂ ಅದನ್ನೇ ಯೋಚಿಸಿದ್ದಳು, ಅಡುಗೆಮನೆಯ ಮೂಲೆ, ಎರಡು ಮಾತು, ಯಾರಿಗೂ ಹೇಳಬೇಡ ಎಂಬ ಆಣೆ. ಆದರೆ ಒಬ್ಬಳೇ ತಿಳಿದುಕೊಂಡ ಶೀತಲ ಇವರೆಲ್ಲರ ಮುಂದೆ ಏನಂತ ಹೇಳಿ ಬೇಡ ಅಂದಾಳು? "ಪ್ರೇಮಕುಮಾರ, ಹೋಗಬ್ಯಾಡ್ರಿ," ಎಂದು ಕೂಗಿದಳು. ದನಿ ತನಗೇ ದೊಡ್ಡದೆನಿಸಿತು. ಕ್ಲಾಸಿನಲ್ಲಿ ಹಿಂದಿನ ಬೆಂಚಿಗೆ ಕೇಳಿಸುವಂತೆ ಮಾತಾಡಿ ರೂಢಿಯಾದ ದನಿ ಅದು. "ನಂದು ಗರ್ಭಚೀಲ ತಗದಿಲ್ಲ. ನಾ ಹೈದರಾಬಾದಕ್ಕ ಹೋಗಿ ಹೊಟ್ಟೀ ಚರಬಿ ತಗಸಿಕೊಂಡು ಬಂದೀನಿ. ದಪ್ಪ ಆಗಿದ್ದೆ, ನಾಚಿಕಿ ಬರತಿತ್ತು, ತೆಳ್ಳಗ ಆಗಬೇಕಂತ. ಎಲ್ಲಾರಿಗೂ ಸುಳ್ಳ ಹೇಳೀವಿ. ನನ್ನ ನೋಡಿ ಯಾರೂ ಏನೂ ಮಾಡಿಸಿಕೋಬ್ಯಾಡ್ರಿ. ನಾ ಅದನ್ನ ಮಾಡಿಸೇ ಇಲ್ಲ."

ಉಮಾದೇವಿಯ ಕಣ್ಣು ಭುವನೇಶ್ವರಿಯ ಹೊಟ್ಟೆಯ ಮೇಲಿತ್ತು, ಅಲ್ಲಿಂದ ಸೊಂಟಕ್ಕೆ, ತೋಳಿಗೆ, ಮತ್ತೆ ಹೊಟ್ಟೆಗೆ. "ಚರಬಿ?" ಅಂದಳು. "ಚರಬಿ ತಗಸಾಕ ದವಾಖಾನಿ?" ಪ್ರೇಮಕುಮಾರ ಗೋಡೆ ನೋಡುತ್ತ ನಿಂತಿದ್ದ, ಅವನ ಕಿವಿ ಕೆಂಪಾಗಿತ್ತು. ಭುವನೇಶ್ವರಿ ಟಂಟಂನಲ್ಲಿ ನಕ್ಕಂತೆ ನಗಲು ನೋಡಿದಳು, ಆಗಲಿಲ್ಲ. ಇಡೀ ಮೈಯನ್ನು ನಡುಮನೆಯಲ್ಲಿ ಹರವಿಟ್ಟಂತೆ ನಿಂತಿದ್ದಳು, ಸೆರಗು ಎಷ್ಟು ಹೊದ್ದುಕೊಂಡರೂ ಸಾಲುತ್ತಿರಲಿಲ್ಲ.

"ಹಂಗಾದ್ರ ನಿಮ್ಮದು ಇನ್ನಾ ಅದ?" ಶೀತಲ ಕೇಳಿದಳು.

"ಅದ."

ಶೀತಲ ಚೀಲದಿಂದ ಕೈ ತೆಗೆದಳು. ಅಳುತ್ತಾಳೆ ಅಂದುಕೊಂಡರೆ ಅಳಲಿಲ್ಲ, ಅವಳಿಗೆ ಸಿಟ್ಟು ಬಂದಿತ್ತು. "ನಾಳಿ ಮುಂಜಾನೆ ನಾ ಟೇಬಲ್ ಮ್ಯಾಲ ಮಲಗಾಕಿದ್ದೆ, ಅಕ್ಕ," ಅಂದಳು. ಆಮೇಲೆ ಗಂಡನ ಕಡೆ ತಿರುಗಿ, "ನಾ ಹೋಗಂಗಿಲ್ಲ. ಮೇಡಂ ಹೇಳಿದ ಗುಳಿಗಿ ಪೂರಾ ತಗೊಂಡು ನೋಡತೀನಿ. ಆರು ತಿಂಗಳ ಅಂದ್ರ ಆರು ತಿಂಗಳ," ಅಂದಳು. ಉಮಾದೇವಿ, ಒಬ್ಬಳು ಸುಳ್ಳು ಹೇಳಿದರೆ ಡಾಕ್ಟರು ಹೇಳಿದ್ದೂ ಸುಳ್ಳಾಗುತ್ತದೆಯೇ ಎಂದು ಶುರು ಮಾಡಿದಳು. "ಬಿಡವ್ವ ಈಗ, ನಾಳಿ ಬರಂಗಿಲ್ಲ ಅಂತ ಹೇಳಿ ಬರತೀನಿ," ಎಂದು ಪ್ರೇಮಕುಮಾರ ಯಾರ ಮುಖವನ್ನೂ ನೋಡದೆ ಚಪ್ಪಲಿ ಮೆಟ್ಟಿದ. ಶೀತಲ ಚೀಲ ಎತ್ತಿಕೊಂಡು ಒಳಗೆ ಹೋದಳು. ಅತ್ತೆ ಗೊಣಗುತ್ತ ಅವಳ ಹಿಂದೆ ಹೋದಳು. ಆಯಿತು. ಇಷ್ಟಕ್ಕಾಗಿ ಬಂದದ್ದು ಆಯಿತು, ಇನ್ನು ಮನಸ್ಸು ಹಗುರಾಗಬೇಕಿತ್ತು.

ಚಿಗವ್ವ ಬಾಗಿಲ ಪಕ್ಕ ಬಟ್ಟೆಯ ಗಂಟನ್ನು ಎದೆಗೆ ಹಿಡಿದು ನಿಂತೇ ಇದ್ದಳು. ಬೈದಾಳು ಎಂದು ಭುವನೇಶ್ವರಿ ಕಾದಳು. ಚಾದರ ಒಗೆದದ್ದು, ಉಂಡೆ ಕಟ್ಟಿದ್ದು, ಆಡು ಬಿಟ್ಟು ಬಂದದ್ದು, ಯಾವುದನ್ನಾದರೂ ಎತ್ತಿ ಆಡಲಿ, ಬೇಕಾದರೆ ಕೆನ್ನೆಗೆ ಹೊಡೆಯಲಿ, ಕಾಲು ಹಿಡಿದುಬಿಡುತ್ತೇನೆ ಅಂದುಕೊಂಡಳು. ಚಿಗವ್ವ ಹತ್ತಿರ ಬಂದಳು. ಒಳಗಿನವರಿಗೆ ಕೇಳಿಸಬಾರದೆಂದು ದನಿ ತಗ್ಗಿಸಿದಳು.

"ಭುವನಾ, ಅವತ್ತ ನಾ ಬ್ಯಾಳಿ ಹಸನ ಮಾಡಕೋತ ಅದೆಲ್ಲಾ ಹೇಳಿದಾಗ, ನಿನಗ ಒಳಗೊಳಗ ನಗಿ ಬಂದಿತ್ತೇನು?"

"ಇಲ್ಲ ಚಿಗವ್ವ," ಅಂದಳು ಭುವನೇಶ್ವರಿ. "ಖರೇನೇ ಇಲ್ಲ."

ಅದು ನಿಜವಾಗಿತ್ತು. ಆದರೆ ಮಾತು ಹೊರಬಿದ್ದ ಮೇಲೆ ಅವಳಿಗೇ ಕೇಳಿಸಿತು, ನನಗೂ ಹಂಗೇ ಆಗಾಕತ್ತದ ಎಂದು ಹೇಳಿದ್ದ ಅದೇ ದನಿ, ಸ್ವಲ್ಪ ಇಳಿಸಿದ, ನೊಂದವಳ ದನಿ. ಅವಳ ಹತ್ತಿರ ಬೇರೆ ದನಿ ಇರಲಿಲ್ಲ. ಚಿಗವ್ವನಿಗೂ ಅದು ಕೇಳಿಸಿತ್ತು.